ಕ್ಯಾರೆಟ್‌ಗೆ ಸಕ್ಕರೆ ಚುಚ್ಚಿದವರು ಯಾರು?

ಗುಂಪು: ಅಜ್ಜನ ಮನೆ ಬಳಗ

ಶಿವಮೊಗ್ಗದ ದೊಡ್ಡಮ್ಮ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): ಎಚ್ಚರಿಕೆ! ಎಳೆಯ ಕ್ಯಾರೆಟ್ ಎಂದರೆ ನೇರವಾಗಿ ಗ್ಲೂಕೋಸ್. ರುಚಿ ಬರಲೆಂದು ಅದಕ್ಕೆ ಸಕ್ಕರೆ ನೀರು ಚುಚ್ಚುತ್ತಾರೆ. ಬಲಿತ ಕ್ಯಾರೆಟ್‌ನಲ್ಲಿ ಸಕ್ಕರೆ ಇರುವುದಿಲ್ಲ. ಮಧುಮೇಹಿಗಳಿರುವ ಎಲ್ಲ ಮನೆಗಳಿಗೂ ತಲುಪಿಸಿ.

ದೊಡ್ಡಮ್ಮ: ಇದನ್ನು ಯಾರನ್ನೂ ಉದ್ದೇಶಿಸಿ ಕಳುಹಿಸಿಲ್ಲ. ಆದರೆ ಸಕ್ಕರೆ ಕಾಯಿಲೆಯಿದ್ದೂ ದಿನಾ ಕೋಸಂಬರಿಗೆ ಎಳೆ ಕ್ಯಾರೆಟ್ ತುರಿದುಕೊಳ್ಳುವವರು ನಮ್ಮಲ್ಲಿಯೇ ಇದ್ದಾರೆ.

ಮೈಸೂರಿನ ಅತ್ತೆ: ಅತ್ತಿಗೆ, ಹೆಸರು ಹೇಳದಿದ್ದರೂ ಅರ್ಥವಾಯಿತು. ನಿಮ್ಮ ಗೃಹಪ್ರವೇಶದಲ್ಲಿ ನಾನು ಬೇಡವೆಂದು ಕೈ ಅಡ್ಡ ಹಿಡಿದರೂ, ಒಂದರಿಂದ ಏನೂ ಆಗದೆಂದು ಎಲೆಗೆ ಎರಡು ಹೋಳಿಗೆ ಹಾಕಿದವರು ಇಂದು ಕ್ಯಾರೆಟ್ ತುರಿಯ ಲೆಕ್ಕ ಕೇಳುತ್ತಿರುವುದು ಸೋಜಿಗ.

ಪುಣೆಯ ಅಣ್ಣ: ಈ ಮಾಹಿತಿಯ ಮೂಲ ಯಾವುದು? ಪ್ಲಾಸ್ಟಿಕ್ ಅಕ್ಕಿಯ ಸಂದೇಶಕ್ಕೂ ಇದೇ ಪ್ರಶ್ನೆ ಕೇಳಿದ್ದೆ. ಉತ್ತರ ಇನ್ನೂ ಬಂದಿಲ್ಲ.

ದೊಡ್ಡಪ್ಪ: ಹಿರಿಯರು ಕಾಳಜಿಯಿಂದ ಹೇಳಿದ ಮಾತಿಗೆ ದಾಖಲೆ ಕೇಳುವುದು ನಮ್ಮ ಮನೆತನದ ರೂಢಿಯಲ್ಲ. ವಿದ್ಯೆಗೆ ವಿನಯವೇ ಭೂಷಣ.

ನಾನು: ಕೃಷಿ ಓದಿದವಳಾದ್ದರಿಂದ ಎರಡು ಮಾತು ಹೇಳುತ್ತೇನೆ. ಈ ಸಂದೇಶದಲ್ಲಿ ಒಂದೆಳೆ ಸತ್ಯವಿದೆ, ಅದೂ ತಿರುಚಿದ ಸತ್ಯ. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಅಲ್ಲಿಂದ ಅದು ಸುಕ್ರೋಸ್ ರೂಪದಲ್ಲಿ ಫ್ಲೋಯಂ ನಾಳಗಳ ಮೂಲಕ ಬೇರಿಗೆ ಇಳಿಯುತ್ತದೆ. ಎಳೆಯ ಬೇರಿನಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಬಹಳ ಚುರುಕಾಗಿರುವುದರಿಂದ, ಇಳಿದು ಬಂದ ಸುಕ್ರೋಸ್ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಕೋಶಗಳು ಬೆಳೆಯುವುದಕ್ಕೂ ನೀರನ್ನು ಸೆಳೆದುಕೊಂಡು ಹಿಗ್ಗುವುದಕ್ಕೂ ಬಳಕೆಯಾಗುತ್ತದೆ. ಬೇರು ದಪ್ಪವಾಗತೊಡಗಿದಂತೆ ಆ ಕಿಣ್ವದ ಚಟುವಟಿಕೆ ಕುಗ್ಗಿ, ಸುಕ್ರೋಸ್ ಒಡೆಯದೆ ಕೋಶಗಳ ರಸದಾನಿಗಳಲ್ಲಿ ಶೇಖರವಾಗುತ್ತದೆ. ಹೀಗಾಗಿ ಎಳೆಯದರಲ್ಲಿ ಗ್ಲೂಕೋಸಿನ ಪಾಲು ಹೆಚ್ಚೆನ್ನುವುದು ನಿಜ, ಆದರೆ ಒಟ್ಟು ಸಕ್ಕರೆ ಕೂಡಿಕೊಳ್ಳುವುದು ಬೇರು ಬಲಿಯುತ್ತಾ ಹೋದಂತೆ. ಇನ್ನು ಸೂಜಿಯ ಮಾತು: ಚುಚ್ಚಿದ ಗಾಯದಲ್ಲಿ ಗಡ್ಡೆ ಬೇಗ ಕೊಳೆಯುತ್ತದೆ, ಒಂದೊಂದಕ್ಕೂ ಚುಚ್ಚುತ್ತಾ ಕೂತರೆ ಕೂಲಿಯೂ ಗಿಟ್ಟುವುದಿಲ್ಲ.

ಅಣ್ಣ: ನಿಯಮ ಎಲ್ಲರಿಗೂ ಒಂದೇ. ನಿನ್ನ ಮೂಲ?

ನಾನು: ಕ್ಯಾರೆಟ್ ಬೇರು ಬೆಳೆಯುವಾಗ ಇನ್ವರ್ಟೇಸ್ ಹೇಗೆ ಬದಲಾಗುತ್ತದೆ ಎಂಬುದರ ಕುರಿತು ರಿಕಾರ್ಡೊ ಮತ್ತು ಆಪ್ ರೀಸ್ 1970ರಲ್ಲಿ ಪ್ರಕಟಿಸಿದ ಅಧ್ಯಯನ.

ದೊಡ್ಡಪ್ಪ: ಅವರು ಯಾವ ದೇಶದವರು? ನಮ್ಮ ಮಣ್ಣಿನ ಕ್ಯಾರೆಟ್ ಅವರಿಗೇನು ಗೊತ್ತು?

ಮಾಲೂರಿನ ತಮ್ಮ: ಅಜ್ಜನ ಬಾವಿಯ ಪಕ್ಕದ ಪಾತಿ ಯಾರಿಗಾದರೂ ನೆನಪಿದೆಯೇ? ಒತ್ತಾಗಿ ಬಂದ ಸಸಿಗಳನ್ನು ಅಜ್ಜಿ ಕಿತ್ತು ಬದುವಿಗೆ ಎಸೆದಾಗ, ನಾವು ಕಿರುಬೆರಳಿನಷ್ಟಿದ್ದ ಬೇರುಗಳನ್ನು ಚಡ್ಡಿಗೆ ಒರೆಸಿಕೊಂಡು ತಿನ್ನುತ್ತಿದ್ದೆವು. ಸಿಹಿಯೇನೂ ಇರುತ್ತಿರಲಿಲ್ಲ, ಬರೀ ಸೊಪ್ಪಿನ ವಾಸನೆ. ಹೂವಿನ ದಂಟು ಎದ್ದ ಮೂಲಂಗಿಯಂತೂ ಒಳಗೆಲ್ಲ ಬೆಂಡಾಗಿ ದನಕ್ಕೆ ಹೋಗುತ್ತಿತ್ತು.

ಅತ್ತೆ: ಆ ಪಾತಿಯಿದ್ದ ಜಾಗ ಪಾಲಿನಲ್ಲಿ ಯಾರಿಗೆ ಹೋಯಿತೆಂಬುದೂ ನೆನಪಿದೆ.

ದೊಡ್ಡಪ್ಪ: ಪಾಲಿನ ವಿಷಯವನ್ನು ಈ ಗುಂಪಿನಲ್ಲಿ ಎತ್ತಬಾರದೆಂದು ಮೊದಲೇ ತೀರ್ಮಾನವಾಗಿದೆ.

ನಾನು: ತಮ್ಮ ಹೇಳಿದ್ದರಲ್ಲಿ ಎಲ್ಲವೂ ಇದೆ. ಕ್ಯಾರೆಟ್ ಎರಡು ವರ್ಷದ ಬಾಳಿನ ಗಿಡ. ಮೊದಲ ವರ್ಷ ಬೇರಿನಲ್ಲಿ ಕೂಡಿಟ್ಟ ಸಕ್ಕರೆ, ಚಳಿ ಕಳೆದ ಮೇಲೆ ಹೂವಿನ ದಂಟನ್ನು ಎಬ್ಬಿಸುವುದಕ್ಕೆ. ನಾವು ನಡುವೆ ಕೈಹಾಕಿ ಆ ಗಂಟನ್ನು ಕೀಳುತ್ತೇವೆ, ಅಷ್ಟೆ.

ದೊಡ್ಡಮ್ಮ: ಹಾಗಾದರೆ ತಪ್ಪು ತಿದ್ದಿದ್ದೇನೆ. "ಬಲಿತ ಕ್ಯಾರೆಟ್ ಅಪಾಯ, ಕೃಷಿ ತಜ್ಞೆಯ ಎಚ್ಚರಿಕೆ" ಎಂದು ಭಜನಾ ಮಂಡಳಿಯ ಗುಂಪಿಗೆ ಈಗಷ್ಟೇ ಹಾಕಿದೆ.

ನಾನು: ದೊಡ್ಡಮ್ಮ, ದಯವಿಟ್ಟು ಅಳಿಸಿ. 100 ಗ್ರಾಂ ಹಸಿ ಕ್ಯಾರೆಟ್‌ನಲ್ಲಿರುವ ಸಕ್ಕರೆ ಸುಮಾರು 5 ಗ್ರಾಂ ಮಾತ್ರ. ಅತ್ತೆಯ ಕೋಸಂಬರಿಗೆ ಹೆದರಬೇಕಿಲ್ಲ. ಹೆದರುವುದಾದರೆ ಹಲ್ವಾಕ್ಕೆ ಡಬ್ಬಿಯಿಂದ ಸುರಿಯುವ ಸಕ್ಕರೆಗೆ ಹೆದರಬೇಕು.

ದೊಡ್ಡಮ್ಮ: ಅಳಿಸಲಾಗದು. ಮಂಡಳಿಯ ನಾಲ್ವರು ಆಗಲೇ ಕೈ ಮುಗಿದಿದ್ದಾರೆ.