ಮೊದಲ ಕೆಲಸದಲ್ಲೇ ‘ಬೇಗ, ಇನ್ನೂ ಬೇಗ’: ಗೊತ್ತಿರುವವರು ದಾರಿ ಹೇಳಿ

ಪ್ರಶ್ನೆ: ನಾನು 17ರ ಹುಡುಗಿ. ಇದು ನನ್ನ ಮೊದಲ ಕೆಲಸ. ಸಂಜೆ ಹೊತ್ತು ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ಲಿಂಗ್, ಜನ ಕಡಿಮೆ ಇದ್ದಾಗ ಹಿಂದೆ ಗೋದಾಮಿನಲ್ಲಿ ಪ್ಯಾಕಿಂಗ್. ಸೂಪರ್‌ವೈಸರ್ ಬಂದಾಗಲೆಲ್ಲ ‘ಬೇಗ, ಇನ್ನೂ ಬೇಗ’ ಅಂತಾರೆ. ಅವಸರ ಮಾಡಿದರೆ ಲೆಕ್ಕ ತಪ್ಪುತ್ತೆ, ನಿಧಾನ ಮಾಡಿದರೆ ಬೈಗುಳ. ಹೋಟೆಲ್ ಅಡುಗೆಮನೆಗೆ ಸೇರಿರೋ ಗೆಳತಿಗೂ ಇದೇ ಪಾಡು. ಸಮಾಧಾನದ ಮಾತು ಬೇಡ. ವೇಗ ನಿಜಕ್ಕೂ ಹೆಚ್ಚೋದು ಹೇಗೆ, ಎಲ್ಲಿ ‘ಆಗಲ್ಲ’ ಅನ್ನಬೇಕು, ಇದನ್ನ ಬಲ್ಲವರು ಬರೆಯಿರಿ.

ಬಿಲ್ಲಿಂಗ್ ಕಲಿಸುವವರು:

ತಂಗೀ, ಕೌಂಟರಿನಲ್ಲಿ ಹೊತ್ತು ಹೋಗೋದು ಕೈ ನಿಧಾನವಾಗಿ ಆಡೋದರಿಂದ ಅಲ್ಲ, ಕೈ ನಿಂತುಬಿಡೋದರಿಂದ. ಬಾರ್‌ಕೋಡ್ ಎಲ್ಲಿದೆ ಅಂತ ಪೊಟ್ಟಣ ತಿರುಗಿಸುವಾಗ ನಿಲ್ಲುತ್ತೆ. ತೂಕದ ಸಾಮಾನಿನ ಕೋಡ್ ಹುಡುಕುವಾಗ ನಿಲ್ಲುತ್ತೆ. ಚೀಲದ ಬಾಯಿ ಬಿಡಿಸುವಾಗ, ಚಿಲ್ಲರೆ ಮುಗಿದಾಗ ನಿಲ್ಲುತ್ತೆ. ಇಷ್ಟು ತಪ್ಪಿಸಿದರೆ ಕೈ ಈಗಿನಷ್ಟೇ ವೇಗದಲ್ಲಿ ಆಡಿದರೂ ಸಾಲು ಕರಗುತ್ತೆ.

ಬಾರ್‌ಕೋಡ್ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ತಳದಲ್ಲೋ ಹಿಂಬದಿಯ ಕೆಳಮೂಲೆಯಲ್ಲೋ ಇರುತ್ತೆ, ಬಾಟಲಿಗಳಲ್ಲಿ ಲೇಬಲಿನ ಅಂಚಿನ ಹತ್ತಿರ. ನಿಮ್ಮಲ್ಲಿ ಹೆಚ್ಚು ಖರ್ಚಾಗೋ ಇಪ್ಪತ್ತು ಸಾಮಾನುಗಳಲ್ಲಿ ಅದು ಎಲ್ಲಿದೆ ಅಂತ ಬಿಡುವಾದಾಗ ಕಪಾಟಿನ ಮುಂದೆ ನಿಂತು ನೋಡಿಕೊಂಡು ಬಾ. ಎತ್ತಬೇಡ, ಗಾಜಿನ ಮೇಲೆ ಜಾರಿಸು. ಒಂದು ಕೈ ಎಳೆದುಕೊಳ್ಳಲಿ, ಇನ್ನೊಂದು ಆಚೆ ದಾಟಿಸಲಿ. ಸುಕ್ಕಾದ ಪೊಟ್ಟಣವನ್ನ ಎರಡು ಹೆಬ್ಬೆರಳಲ್ಲಿ ಎಳೆದು ಚಪ್ಪಟೆ ಮಾಡಿ ತೋರಿಸು. ಎರಡು ಸಲ ಓದದಿದ್ದರೆ ಮೂರನೇ ಸಲ ಉಜ್ಜಬೇಡ, ಕೆಳಗಿನ ಅಂಕಿ ಒತ್ತು. 13 ಅಂಕಿಯದಾದರೆ 1-6-6 ಅಂತ ಬಿಡಿಸಿ ಅಚ್ಚಾಗಿರುತ್ತೆ, ಹಾಗೇ ಓದಿಕೊಂಡು ಒತ್ತಿದರೆ ತಪ್ಪೋದು ಕಡಿಮೆ. ಕೊನೆಯದು ತಾಳೆ ನೋಡೋ ಅಂಕಿ. ಆದ್ದರಿಂದ ಒಂದಂಕಿ ತಪ್ಪಿದರೆ ಯಂತ್ರ ಒಪ್ಪಲ್ಲ ಅಷ್ಟೇ, ಬೇರೆ ಸಾಮಾನಿಗೆ ಬಿಲ್ ಆಗಿಬಿಡುತ್ತೆ ಅನ್ನೋ ಭಯ ಬೇಡ.

ಹಣ್ಣು-ತರಕಾರಿಗೆ ನಿಮ್ಮಲ್ಲಿ ಅಂತರರಾಷ್ಟ್ರೀಯ ನಾಲ್ಕಂಕಿಯ ಕೋಡ್ ಇದ್ದರೆ (ಬಾಳೆಹಣ್ಣಿಗೆ 4011, ಸಾವಯವದ್ದಾದರೆ ಮುಂದೆ 9 ಸೇರಿ 94011) ದಿನಕ್ಕೆ ಐದರಂತೆ ಬಾಯಿಪಾಠ ಮಾಡು. ಅಂಗಡಿಯದೇ ಕೋಡ್ ಇದ್ದರೂ ಅಷ್ಟೇ. ಇಡೀ ಪಟ್ಟಿ ಕಲಿಯೋ ಹಟ ಬೇಡ, ದಿನಾ ಬರೋ ಹದಿನೈದು ಸಾಕು.

ಅವಸರದವರು ಎಡವೋದು ಎರಡು ಕಡೆ. ಮೊದಲನೆಯದು ಎಣಿಕೆ ಬಟನ್. ಒಂದೇ ಕಂಪನಿಯ ನಾಲ್ಕು ಪೊಟ್ಟಣ ಕಂಡರೆ ಒಂದನ್ನ ಸ್ಕ್ಯಾನ್ ಮಾಡಿ ‘4’ ಒತ್ತಿಬಿಡ್ತಾರೆ. ಅದರಲ್ಲಿ ಒಂದು ಬೇರೆ ಅಳತೆಯದ್ದೋ ಬೇರೆ ರುಚಿಯದ್ದೋ ಆಗಿದ್ದರೆ ಬಿಲ್ಲೂ ತಪ್ಪು, ದಾಸ್ತಾನೂ ತಪ್ಪು. ನಾಲ್ಕೂ ಒಂದೇ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ಆ ಬಟನ್. ಎರಡನೆಯದು ನಗದು. ಗಿರಾಕಿ ಕೊಟ್ಟ ನೋಟನ್ನ ತಕ್ಷಣ ಡ್ರಾಯರಿನೊಳಗೆ ಹಾಕಬೇಡ. ಚಿಲ್ಲರೆ ಅವರ ಕೈ ಸೇರೋವರೆಗೂ ಡ್ರಾಯರಿನ ಅಂಚಿನ ಮೇಲೆ ಎದುರಿಗೇ ಇರಲಿ, ‘ನಾನು ದೊಡ್ಡ ನೋಟು ಕೊಟ್ಟಿದ್ದೆ’ ಅನ್ನೋ ಜಗಳವೇ ಹುಟ್ಟಲ್ಲ. ಚಿಲ್ಲರೆಯನ್ನ ಬಿಲ್ ಮೊತ್ತದಿಂದ ಮೇಲಕ್ಕೆ ಎಣಿಸುತ್ತಾ ಕೊಡು. ನೀನು ಮೊತ್ತ ಒತ್ತಿದ ಮೇಲೆ ‘ತಾಳಿ, ಚಿಲ್ಲರೆ ನನ್ನತ್ರಾನೇ ಇದೆ’ ಅಂತ ಯಾರಾದರೂ ನಾಣ್ಯ ತೆಗೆದರೆ ಮನಸ್ಸಲ್ಲೇ ಲೆಕ್ಕ ಹಾಕೋ ಶೌರ್ಯ ಬೇಡ, ಕ್ಯಾಲ್ಕ್ಯುಲೇಟರ್ ತಗೋ.

ಇನ್ನೊಂದು ಗುಟ್ಟು. ನಿಮಿಷಕ್ಕೆ ಎಷ್ಟು ಸಾಮಾನು ಅಂತ ಲೆಕ್ಕ ಇಡೋ ಯಂತ್ರಗಳಲ್ಲಿ ಕೆಲವು ಮೊದಲ ಸ್ಕ್ಯಾನ್‌ನಿಂದ ಹಣ ಕಟ್ಟೋವರೆಗಿನ ಹೊತ್ತು ಹಿಡಿಯುತ್ತವೆ, ಕೆಲವು ನೀನು ಸುಮ್ಮನೆ ನಿಂತ ಹೊತ್ತನ್ನೂ ಸೇರಿಸುತ್ತವೆ. ನಿಮ್ಮದು ಯಾವುದು ಅಂತ ಕೇಳಿ ತಿಳಿದುಕೋ. ಮೊದಲ ಬಗೆಯದಾದರೆ ಗಿರಾಕಿ ಅರ್ಧಕ್ಕಿಂತ ಹೆಚ್ಚು ಸಾಮಾನು ಇಳಿಸಿದ ಮೇಲೆ ಸ್ಕ್ಯಾನ್ ಶುರು ಮಾಡು. ಎರಡನೆಯದಾದರೆ ಜನ ಇಲ್ಲದಾಗ ಲಾಕ್ ಮಾಡು.

ಗೋದಾಮಿನ ಕೆಲಸ ಬಲ್ಲವರು:

ಪ್ಯಾಕಿಂಗಿಗೆ ಮೇಲಿನವರ ಮಾತೇ ಅನ್ವಯ, ಆದರೆ ಇಲ್ಲಿ ಕಳ್ಳ ಬೇರೆ: ದೂರ. ಕೈ ಒಂದು ಗುರಿ ಮುಟ್ಟೋಕೆ ಹಿಡಿಯೋ ಹೊತ್ತು ಆ ಗುರಿ ದೂರ ಇದ್ದಷ್ಟೂ, ಸಣ್ಣದಾದಷ್ಟೂ ಹೆಚ್ಚು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಅಳೆದು ತೋರಿಸಿದ್ದಾರೆ. ಅಂದರೆ ಟೇಪ್, ಲೇಬಲ್, ಚಾಕು ಮೂರೂ ಮೊಣಕೈ ಮಡಚಿದಾಗ ಸಿಗೋ ಅಳತೆಯಲ್ಲಿರಬೇಕು. ಸಣ್ಣ ಡಬ್ಬಿಯಲ್ಲಿ ಲೇಬಲ್ ತುರುಕಿಡೋ ಬದಲು ಬಾಯಿ ಅಗಲದ ತಟ್ಟೆಯಲ್ಲಿ ಹರಡಿಡಿ. ಮೇಜಿನ ಮೇಲ್ಮೈ ಮೊಣಕೈ ಎತ್ತರಕ್ಕಿರಲಿ, ಭಾರದ್ದಾದರೆ ಸ್ವಲ್ಪ ಕೆಳಗೆ.

ಹತ್ತು ಪೆಟ್ಟಿಗೆ ಒಟ್ಟಿಗೆ ನಿಲ್ಲಿಸಿ, ಹತ್ತಕ್ಕೂ ತಳದ ಟೇಪ್ ಹಾಕಿ. ನಡುವಿನ ಸೀಳಿನುದ್ದಕ್ಕೆ ಒಂದೇ ಪಟ್ಟಿ, ಎರಡೂ ಬದಿಗೆ 5ರಿಂದ 7 ಸೆಂ.ಮೀ ಮಡಚಿ ಇಳಿಯಬೇಕು. ಅದಕ್ಕಿಂತ ಗಿಡ್ಡವಾದರೆ ಭಾರಕ್ಕೆ ಬಿಚ್ಚಿಕೊಳ್ಳುತ್ತೆ, ವಾಪಸ್ ಬಂದ ಪೆಟ್ಟಿಗೆ ನೀವು ಉಳಿಸಿದ ನಿಮಿಷವನ್ನೆಲ್ಲ ನುಂಗುತ್ತೆ. ಆದರೆ ಗಮನವಿರಲಿ: ಒಟ್ಟಿಗೆ ಮಾಡೋದು ಟೇಪ್ ಕೆಲಸಕ್ಕೆ ಮಾತ್ರ. ಲೇಬಲನ್ನ ಯಾವತ್ತೂ ರಾಶಿ ಹಾಕಿಕೊಂಡು ಅಂಟಿಸಬೇಡಿ. ಒಂದು ಲೇಬಲ್ ಹಿಂದೆಮುಂದೆ ಆಯಿತೋ, ಅಲ್ಲಿಂದ ಮುಂದಿನ ಪೆಟ್ಟಿಗೆಗಳೆಲ್ಲ ತಪ್ಪು ವಿಳಾಸಕ್ಕೆ. ಒಂದು ಪೆಟ್ಟಿಗೆ ಮುಚ್ಚಿ, ಅದರ ಚೀಟಿ ಓದಿ, ಅಂಟಿಸಿ, ಆಮೇಲೆ ಮುಂದಿನದು.

ಎಲ್ಲಿ ತಡವಾಗ್ತಿದೆ ಅನ್ನೋದು ತಿಳಿಯದಿದ್ದರೆ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಹತ್ತು ಪೆಟ್ಟಿಗೆ ಅಳೆಯಿರಿ (ಕೆಲಸದ ಜಾಗದಲ್ಲಿ ಫೋನ್ ಬಿಡದಿದ್ದರೆ ಗೋಡೆ ಗಡಿಯಾರ ಸಾಕು). ಪೆಟ್ಟಿಗೆ ನಿಲ್ಲಿಸೋದು, ತುಂಬೋದು, ಸಂದಿಗೆ ಕಾಗದ ತುರುಕೋದು, ಮುಚ್ಚೋದು, ಲೇಬಲ್: ಐದನ್ನೂ ಬೇರೆಬೇರೆ ಬರೆದಿಡಿ. ಎಲ್ಲಕ್ಕಿಂತ ಉದ್ದದ್ದು ಯಾವುದೋ ಅದನ್ನೊಂದೇ ಆ ವಾರ ತಿದ್ದಿ.

ಭಾರ ಎತ್ತುವಾಗ ಮಾತ್ರ ಗಡಿಯಾರ ಮರೆಯಿರಿ. ಅವಸರದಲ್ಲಿ ಮೊದಲು ಕೆಡೋದು ಪಾದ. ಪಾದ ನಿಂತಲ್ಲೇ ನಿಂತು ಸೊಂಟ ಮಾತ್ರ ತಿರುಗುತ್ತೆ, ಬೆನ್ನು ಹಿಡಿಯೋದು ಅಲ್ಲೇ. ಸಾಮಾನನ್ನ ಮೈಗೆ ಹತ್ತಿರ ಹಿಡಿದು ಪಾದ ಎತ್ತಿಟ್ಟು ತಿರುಗಿ.

ಅಡುಗೆಮನೆಯವರು:

ಗೆಳತಿಗೆ ಹೇಳಮ್ಮ. ಚಾಕು, ಕುದಿಯೋ ಎಣ್ಣೆ, ಒದ್ದೆ ನೆಲ, ಈ ಮೂರರ ಹತ್ತಿರ ವೇಗ ಅನ್ನೋ ಮಾತೇ ಇಲ್ಲ. ಯಾರು ಕೂಗಿದರೂ ಇಲ್ಲ.

ಮೊಂಡು ಚಾಕು ಹರಿತವಾದದ್ದಕ್ಕಿಂತ ಅಪಾಯ, ಹೆಚ್ಚು ಒತ್ತಬೇಕಾಗುತ್ತೆ, ಜಾರಿದಾಗ ಆ ಒತ್ತೆಲ್ಲ ಬೆರಳ ಮೇಲೆ. ಮಣೆ ಅಲುಗಾಡದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಲಿ. ಹಿಡಿದ ಕೈಯ ಬೆರಳ ತುದಿ ಒಳಕ್ಕೆ ಮಡಚಿರಬೇಕು, ಚಾಕುವಿನ ಬದಿ ಗೆಣ್ಣಿಗೆ ತಾಗುತ್ತಾ ಇಳೀಬೇಕು. ಬಿಸಿ ಪಾತ್ರೆ ಹಿಡಿಯೋಕೆ ಮಾತ್ರ ಒಣ ಬಟ್ಟೆಯೇ ಆಗಬೇಕು. ಒದ್ದೆ ಬಟ್ಟೆಯಲ್ಲಿ ಬಿಸಿ ಕ್ಷಣದಲ್ಲಿ ದಾಟಿ ಬರುತ್ತೆ, ಹೊಸಬರ ಕೈ ಸುಡೋದು ಹೆಚ್ಚಾಗಿ ಹೀಗೇ.

ಇನ್ನು ಅವಸರಪಟ್ಟು ತಡ ಮಾಡಿಕೊಳ್ಳೋ ಒಂದು ಕೆಲಸ ಇದೆ: ಕರಿಯೋ ಬುಟ್ಟಿ ತುಂಬಾ ಒಮ್ಮೆಗೇ ಸುರಿಯೋದು. ಎಣ್ಣೆಯ ಬಿಸಿ ದಿಢೀರನೆ ಇಳಿಯುತ್ತೆ, ಮತ್ತೆ ಏರೋಕೆ ಹೊತ್ತು ಬೇಕು, ಅಷ್ಟರಲ್ಲಿ ಹಾಕಿದ್ದು ಎಣ್ಣೆ ಹೀರಿ ಮೆತ್ತಗಾಗುತ್ತೆ, ಕೊನೆಗೆ ಅದನ್ನ ಎಸೆದು ಮತ್ತೆ ಮಾಡಬೇಕು. ಅರ್ಧ ಬುಟ್ಟಿ ಎರಡು ಸಲ ಹಾಕಿದರೆ ಬೇಗ ಮುಗಿಯುತ್ತೆ. ಹಿಮ ಅಂಟಿದ್ದನ್ನ ಚೆನ್ನಾಗಿ ಒದರಿಯೇ ಹಾಕಬೇಕು, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತೆ.

ವೇಗ ಬರೋದು ಗಿರಾಕಿ ನುಗ್ಗೋ ಮುಂಚಿನ ಅರ್ಧ ಗಂಟೆಯಲ್ಲಿ. ಹೆಚ್ಚಿದ್ದು, ಅಳೆದದ್ದು, ಚಮಚ, ಒರೆಸೋ ಬಟ್ಟೆ, ಎಲ್ಲ ದಿನಾ ಅದದೇ ಜಾಗದಲ್ಲಿ ಇಟ್ಟರೆ ಕಣ್ಣು ಹುಡುಕಲ್ಲ. ಆರ್ಡರ್ ಚೀಟಿ ಬಂದರೆ ಪೂರ್ತಿ ಓದಿ, ಹೆಚ್ಚು ಹೊತ್ತು ಬೇಯೋದನ್ನ ಮೊದಲು ಒಲೆಗೇರಿಸಬೇಕು. ಮೇಲಿನ ಸಾಲು ಓದಿ ಓಡೋ ಹುಡುಗರೇ ಜಾಸ್ತಿ. ಬೆನ್ನ ಹಿಂದೆ ಹಾದುಹೋಗುವಾಗ ‘ಹಿಂದೆ!’, ಬಿಸಿ ಪಾತ್ರೆ ಇದ್ದರೆ ‘ಬಿಸಿ!’ ಅಂತ ಗಟ್ಟಿಯಾಗಿ ಕೂಗಲಿ, ನಾಚಿಕೆ ಬೇಡ.

ನರ್ಸ್ ಒಬ್ಬರು:

ಸುಟ್ಟರೆ ಏನು ಮಾಡಬೇಕು ಅನ್ನೋದನ್ನ ಮೇಲಿನವರು ಬಿಟ್ಟಿದ್ದಾರೆ. ತಣ್ಣನೆಯ ಹರಿಯೋ ನೀರಿನ ಕೆಳಗೆ 20 ನಿಮಿಷ. ಎರಡು ನಿಮಿಷ ಹಿಡಿದು ವಾಪಸ್ ಒಲೆಗೆ ಓಡೋದಲ್ಲ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಬಳೆ, ಉಂಗುರ, ಗಡಿಯಾರವನ್ನ ಊತ ಬರೋ ಮುಂಚೆಯೇ ತೆಗೆಯಬೇಕು. ಬೊಬ್ಬೆ ಒಡೆಯಬೇಡಿ. ಮುಖ, ಕೈ ಅಥವಾ ಕೀಲಿನ ಮೇಲೆ ಬೊಬ್ಬೆ ಎದ್ದಿದ್ದರೆ ವೈದ್ಯರಿಗೆ ತೋರಿಸಿ.

ನಿದ್ದೆಯ ಲೆಕ್ಕವನ್ನೂ ನೋಡಿ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು, ಈ ವಯಸ್ಸಲ್ಲಿ ಮೈಯೊಳಗಿನ ಗಡಿಯಾರವೇ ತಡವಾಗಿ ನಿದ್ದೆ ಬರಿಸುತ್ತೆ. ರಾತ್ರಿ ಶಿಫ್ಟ್ ಮುಗಿಸಿ ಬೆಳಗ್ಗೆ ತರಗತಿಗೆ ಓಡುವವರ ಕೈ ನಿಧಾನವಾದರೆ ಅದು ಸೋಮಾರಿತನ ಅಲ್ಲ. ಅಭ್ಯಾಸಕ್ಕಿಂತ ಮೊದಲು ವೇಳಾಪಟ್ಟಿ ಬದಲಾಗಬೇಕು. ಕೂಗಾಟದ ನಡುವೆ ಕೈ ನಡುಗಿದರೆ ನಾಲ್ಕು ಎಣಿಸೋವರೆಗೆ ಉಸಿರು ಒಳಗೆ, ಆರು ಎಣಿಸೋವರೆಗೆ ಹೊರಗೆ, ಮೂರು ಸಲ. ಗಿರಾಕಿ ಕಾರ್ಡ್ ಹಾಕಿ ಪಿನ್ ಒತ್ತುವಷ್ಟರಲ್ಲಿ ಮುಗಿಯುತ್ತೆ, ಯಾರಿಗೂ ಕಾಣಲ್ಲ.

ಕಾರ್ಖಾನೆಯ ಲೆಕ್ಕ ಬಲ್ಲವರು:

ಹಳಬರ ಜೊತೆ ಹೋಲಿಸಿಕೊಳ್ಳಬೇಡಿ, ಅದಕ್ಕೆ ಲೆಕ್ಕವೇ ಇದೆ. ವಿಮಾನ ತಯಾರಿಕೆ ನೋಡಿ ಅಮೆರಿಕದ ಎಂಜಿನಿಯರ್ ಟಿ. ಪಿ. ರೈಟ್ 1936ರಲ್ಲಿ ಬರೆದಿದ್ದು: ಒಟ್ಟು ತಯಾರಾದ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದಕ್ಕೆ ಹಿಡಿಯೋ ಸರಾಸರಿ ದುಡಿಮೆ ಶೇ. 80ಕ್ಕೆ ಇಳಿಯುತ್ತೆ. ಮೊದಲನೆಯದಕ್ಕೆ 100 ಗಂಟೆ ಅಂದರೆ ಎರಡರ ಸರಾಸರಿ 80, ನಾಲ್ಕರದು 64, ಎಂಟರದು 51. ಶೇಕಡಾವಾರು ಕೆಲಸದಿಂದ ಕೆಲಸಕ್ಕೆ ಬೇರೆ, ರೇಖೆಯ ರೂಪ ಮಾತ್ರ ಒಂದೇ: ಶುರುವಿನಲ್ಲಿ ಸರ್ರನೆ ಇಳಿದು ಆಮೇಲೆ ಆಮೆ ನಡಿಗೆ. ಹಾಗಾಗಿ ಹೊಸಬರು ತಮ್ಮ ಕಳೆದ ವಾರದ ಅಂಕಿಗೆ ಮಾತ್ರ ಹೋಲಿಸಬೇಕು. ಒಂದಕ್ಕೆ ಹಿಡಿಯೋ ಹೊತ್ತು ವಾರ ವಾರ ಇಳೀತಿದ್ದರೆ ಅದನ್ನೇ ಸೂಪರ್‌ವೈಸರಿಗೆ ತೋರಿಸಬಹುದು. ಇಳೀತಾನೇ ಇಲ್ಲ ಅಂದರೆ ಕೈಯಲ್ಲಲ್ಲ, ಕೆಲಸದ ವಿಧಾನದಲ್ಲೇ ಏನೋ ತಪ್ಪಿದೆ.

ಸೂಪರ್‌ವೈಸರ್ ಕೆಲಸ ಬಲ್ಲವರು:

ನಿಜ ಹೇಳಬೇಕಂದರೆ ಎಷ್ಟೋ ಮಂದಿ ‘ಬೇಗ’ ಅನ್ನೋದು ಅಭ್ಯಾಸಬಲದಿಂದ. ಅವರ ಮನಸ್ಸಲ್ಲಿ ಅಂಕಿ ಇರಲ್ಲ. ಅದಕ್ಕೇ ನೀವು ಅಂಕಿ ಕೇಳಬೇಕು. ಸಾಲು ಇರುವಾಗ ಬೇಡ, ಶಿಫ್ಟ್ ಮುಗಿಯೋ ಹೊತ್ತಿಗೆ ಎರಡು ನಿಮಿಷ ಸಾಕು: ‘ಸರ್, ನಾನು ಈಗ ಗಂಟೆಗೆ ಇಷ್ಟು ಪೆಟ್ಟಿಗೆ ಮಾಡ್ತಿದೀನಿ. ಈ ತಿಂಗಳ ಕೊನೆಗೆ ಎಷ್ಟಾಗಬೇಕು? ಯಾವ ಹಂತದಲ್ಲಿ ನಾನು ನಿಧಾನ ಅನಿಸುತ್ತೆ? ಒಂದು ಸಲ ಮಾಡಿ ತೋರಿಸ್ತೀರಾ?’ ಮಾಡಿ ತೋರಿಸಿದರೆ ಅವರ ಕಾಲು ನೋಡಿ, ಎಷ್ಟು ಹೆಜ್ಜೆ ಇಡ್ತಾರೆ ಅಂತ. ಕೈಗಿಂತ ಅದರಲ್ಲೇ ಪಾಠ ಹೆಚ್ಚು.

ಒಟ್ಟಿಗೆ ಎರಡು ಕೆಲಸ ಹೇಳಿದರೆ ‘ಆಯ್ತು ಸರ್, ಇದನ್ನ ಬಿಟ್ಟು ಅದಕ್ಕೆ ಹೋಗಲಾ, ಇದು ಮುಗಿಸಿ ಹೋಗಲಾ?’ ಅಂತ ಕೇಳಿ. ಯಾವುದು ಮೊದಲು ಅನ್ನೋ ತೀರ್ಮಾನ ಅವರದಾಗುತ್ತೆ, ಆಮೇಲೆ ‘ಅದ್ಯಾಕೆ ಆಗಿಲ್ಲ’ ಅನ್ನೋಕೆ ಜಾಗ ಇರಲ್ಲ. ಬೈಯುವಾಗ ಕಾರಣ ವಿವರಿಸೋಕೆ ಹೋಗಬೇಡಿ, ಅದು ಎದುರುತ್ತರದ ಹಾಗೆ ಕೇಳಿಸುತ್ತೆ. ಅಪ್ಪ-ಅಮ್ಮ ನೇರವಾಗಿ ಫೋನ್ ಮಾಡೋದೂ ಬೇಡ, ಮನೆಯಲ್ಲಿ ಈ ಮಾತನ್ನ ಎರಡು ಸಲ ಆಡಿಸಿ ರೂಢಿ ಮಾಡಿಸಿದರೆ ಸಾಕು. ಅಪಾಯದ ಕೆಲಸವೋ ಹಣದ ಮೋಸವೋ ಆದರೆ ಮಾತ್ರ ದೊಡ್ಡವರು ನಡುವೆ ಬರಲಿ.

ಕಾರ್ಮಿಕ ಕಾನೂನು ಬಲ್ಲವರು:

‘ಆಗಲ್ಲ’ ಅನ್ನೋ ಗೆರೆಯ ಬಗ್ಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆ ಅಪಾಯಕಾರಿ ಕೆಲಸಕ್ಕೆ ಕನಿಷ್ಠ ವಯಸ್ಸು 18 ಅನ್ನುತ್ತೆ. ತಕ್ಕ ತರಬೇತಿ ಮತ್ತು ಪೂರ್ತಿ ರಕ್ಷಣೆ ಇದ್ದರೆ ಮಾತ್ರ 16ರಿಂದ ಬಿಡಲು ದೇಶಗಳಿಗೆ ಅವಕಾಶ ಇದೆ. ಮಕ್ಕಳ ದುಡಿಮೆಯ ಅತಿ ಕೆಟ್ಟ ರೂಪಗಳನ್ನ ತಡೆಯೋ 1999ರ 182ನೇ ಒಡಂಬಡಿಕೆಯನ್ನ 2020ರ ಹೊತ್ತಿಗೆ ಸಂಘಟನೆಯ ಎಲ್ಲ ಸದಸ್ಯ ದೇಶಗಳೂ ಒಪ್ಪಿವೆ. ಯಾವ ಯಂತ್ರ, ರಾತ್ರಿ ಎಷ್ಟು ಗಂಟೆಯವರೆಗೆ, ವಾರಕ್ಕೆ ಎಷ್ಟು ಹೊತ್ತು ಅನ್ನೋದು ಆಯಾ ದೇಶದ ಕಾನೂನಿನ ಮಾತು, ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಕೇಳಿದರೆ ಸಿಗುತ್ತೆ.

ದಿನನಿತ್ಯಕ್ಕೆ ನೋಡಬೇಕಾದ್ದು ಇವು: ಬೇಗ ಆಗಲಿ ಅಂತ ಯಂತ್ರದ ರಕ್ಷಣಾ ಮುಚ್ಚಳ ತೆಗೆಸೋದು, ಯಂತ್ರ ನಿಲ್ಲಿಸದೆ ಸಿಕ್ಕಿಕೊಂಡದ್ದನ್ನ ಕೈಹಾಕಿ ತೆಗೆಸೋದು, ಕಲಿಸದ ಯಂತ್ರದ ಮುಂದೆ ನಿಲ್ಲಿಸೋದು, ಬಿಡುವಿನ ಹೊತ್ತು ಕಿತ್ತುಕೊಳ್ಳೋದು, ‘ಗುರಿ ಮುಟ್ಟಿಲ್ಲ, ಹಾಜರಿ ಒತ್ತಿ ಹೊರಟು ಆಮೇಲೆ ಬಂದು ಮುಗಿಸು’ ಅನ್ನೋದು. ಕೊನೆಯದು ಪುಕ್ಕಟೆ ದುಡಿಮೆ, ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೀಗಾದಾಗ ಜಗಳ ಬೇಡ. ‘ಸರ್, ಇದನ್ನ ನನಗೆ ಕಲಿಸಿಲ್ಲ, ಮುಟ್ಟಲ್ಲ. ಬೇರೆ ಏನಾದರೂ ಕೊಡಿ’ ಅಂದರೆ ಸಾಕು.

ಒಂದು ಸಣ್ಣ ಪುಸ್ತಕ ಇಟ್ಟುಕೋ. ದಿನಾಂಕ, ಒಳಗೆ ಹೋದ ಹೊತ್ತು, ಬಿಡುವು ಎಷ್ಟು ನಿಮಿಷ, ಹೊರಬಂದ ಹೊತ್ತು, ಯಾರು ಏನು ಮಾಡು ಅಂದರು, ಇಷ್ಟೇ ಸಾಲು. ಅಂದಂದೇ ಬರಿ, ವಾರದ ಕೊನೆಗೆ ನೆನಪಿನಿಂದ ತುಂಬಿಸಿದ್ದಕ್ಕೆ ಬೆಲೆ ಕಡಿಮೆ. ಪ್ರತಿ ಪುಟದ ಫೋಟೋ ಫೋನಲ್ಲಿ ಇರಲಿ, ಪುಸ್ತಕ ಮಾತ್ರ ಕೆಲಸದ ಜಾಗದಲ್ಲಿ ಬಿಡಬೇಡ.