ಈಜಿಪ್ಟ್ ಟ್ಯಾರೋ: ನೆಫೆರ್ಟಾರಿ ತಗೊಳ್ಳಲಾ, ಕಿಯರ್ ತಗೊಳ್ಳಲಾ?

ಚೌಬಾರಾ ಹುಡುಗಿ, ಬೀದರ್:
ಮೂರು ವರ್ಷದಿಂದ ಟ್ಯಾರೋ, ಅಂದರೆ ಭವಿಷ್ಯ ಹೇಳೋ ಚಿತ್ರದ ಕಾರ್ಡ್ ಓದುತ್ತಿದ್ದೇನೆ, ಎಲ್ಲರೂ ಬಳಸೋ ರೈಡರ್-ವೇಟ್ ಕಟ್ಟಿನಿಂದ. ಓದೋದು ಅಂದರೆ ಗೆಳತಿಯರಿಗೆ, ಫೀಸು ಒಂದು ಕಪ್ ಚಾ. ಈಗ ಈಜಿಪ್ಟ್ ಚಿತ್ರಗಳ ಡೆಕ್ (ಕಾರ್ಡಿನ ಕಟ್ಟು) ಬೇಕು. ಇಟಲಿಯ ಲೋ ಸ್ಕಾರಾಬಿಯೋದವರ ನೆಫೆರ್ಟಾರಿ, ಅದೇ ಚಿನ್ನದ ಬಣ್ಣದ್ದು, ನೋಡಿದ ಕೂಡಲೇ ಹಿಡಿಸಿತು. ಇನ್ನೊಂದು ಅರ್ಜೆಂಟೀನಾದ ಕಿಯರ್. ಎರಡಕ್ಕೂ ರೊಕ್ಕ ಇಲ್ಲ. ಟ್ಯಾರೋದ ತವರು ಈಜಿಪ್ಟೇ ಅಂತಾರಲ್ವಾ, ಹಾಗಾದರೆ ಯಾವುದು ಅಸಲಿ?

ತೊಗರಿ ಕಣಜ, ಕಲಬುರಗಿ:
ತಂಗಿ, ಮೊದಲು ಆ ತವರಿನ ಮಾತು ಬಿಡು. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಆಡುವ ಎಲೆಯಾಗಿ. ಇದು ಈಜಿಪ್ಟಿನ ಪುರೋಹಿತರ ಗ್ರಂಥ ಅಂತ 1781ರಲ್ಲಿ ಕೂರ್ ದ ಜೆಬ್ಲಾಂ ಎಂಬ ಫ್ರೆಂಚ್ ಪಂಡಿತ ಬರೆದ. ಆಗಿನ್ನೂ ಅಲ್ಲಿನ ಚಿತ್ರಲಿಪಿ ಓದೋಕೆ ಯಾರಿಗೂ ಬರುತ್ತಿರಲಿಲ್ಲ! ಶಾಂಪೋಲಿಯೋ ಎಂಬ ಇನ್ನೊಬ್ಬ ಫ್ರೆಂಚ್ ಪಂಡಿತ ಅದನ್ನು ಬಿಡಿಸಿದ್ದು 1822ರಲ್ಲಿ. ಅಸಲಿ ಅನ್ನೋದು ಎರಡೂ ಅಲ್ಲ.

ನನ್ನ ಹತ್ತಿರ ಎರಡೂ ಇವೆ. ನೆಫೆರ್ಟಾರಿ ಚಿತ್ರಗಳನ್ನು ಬರೆದದ್ದು ಸಿಲ್ವಾನಾ ಅಲಾಸಿಯಾ. ಟ್ಯೂಬ್‌ಲೈಟ್ ಕೆಳಗೆ ಹರಡಿದರೆ ಬರೀ ಹೊಳಪು, ಚಿತ್ರ ಕಾಣಲ್ಲ. ಕಾರ್ಡನ್ನು ಅತ್ತಿತ್ತ ವಾಲಿಸುತ್ತಾ ಕೂರಬೇಕು. ನಮ್ಮ ಮೇ ತಿಂಗಳ ಬೆವರಿಗೆ ಒಂದಕ್ಕೊಂದು ಅಂಟುತ್ತವೆ, ನಾನು ಸುಮ್ನೆ ಅವಕ್ಕೆ ಮುಖದ ಪೌಡರ್ ಸವರುತ್ತೇನೆ. ಆದರೆ ಕರೆಂಟ್ ಹೋದಾಗ ಮೇಣದಬತ್ತಿ ಮುಂದೆ ನೋಡು. ನಿಮ್ಮೂರ ಬಿದ್ರಿ ಹೂಜಿಯ ಬೆಳ್ಳಿ ಎಳೆ ಕತ್ತಲಲ್ಲಿ ಮಿನುಗಿದ ಹಾಗೆ.

ಕಿಯರ್ ತಂಟೆ ಬೇರೆ. ಮೊದಲ 22 ಕಾರ್ಡ್ ನಿನಗೆ ಗುರುತು ಸಿಗುತ್ತವೆ. ಉಳಿದ 56ರಲ್ಲಿ ನಿನ್ನ ಡೆಕ್ಕಿನ ನಾಲ್ಕು ಗುಂಪಿಲ್ಲ: ಬಟ್ಟಲಿಲ್ಲ, ಕತ್ತಿಯಿಲ್ಲ, ಕೋಲಿಲ್ಲ, ನಾಣ್ಯವಿಲ್ಲ. 23ರಿಂದ 78ರವರೆಗೆ ಬರೀ ನಂಬರು, ಒಂದೊಂದಕ್ಕೂ ತನ್ನದೇ ಹೆಸರು. ನೀನು ಬಾಯಿಪಾಠ ಮಾಡಿದ್ದು ಇಲ್ಲಿ ನಡೆಯಲ್ಲ. ಒಮ್ಮೆ ನಮ್ಮ ಮನೆಯಾಕೆ ತೊಗರಿ ರೇಟು ಕೇಳಿದಳು. ಬಂದದ್ದು 23, ಉಳುವವ. "ಉಳೋದು ಮುಗದು ತಿಂಗಳಾತು, ಮುಂದಿಂದು ಹೇಳ್ರಿ" ಅಂದಳು. ಕಪಾಟಿಗೆ ಕಿಯರ್, ಕೈಗೆ ನೆಫೆರ್ಟಾರಿ, ಇದು ನನ್ನ ಲೆಕ್ಕ.

ಬುದ್ಧ ಮಲಗಿದ ಬೆಟ್ಟ, ಶಹಾಪುರ:
ಅಣ್ಣಾರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಥಾತ್ ಅಂದರೆ ಈಜಿಪ್ಟಿನ ದೇವರು, ಆದರೆ ಬರೀ ಆ ಹೆಸರು ನೋಡಿ ಥಾತ್ ಡೆಕ್ ತರಿಸಬೇಡಿ. ಅದಕ್ಕೆ ಫ್ರೀಡಾ ಹ್ಯಾರಿಸ್ ಬರೆದ ಚಿತ್ರಗಳು ಅದ್ಭುತ, ಆದರೆ ಈಜಿಪ್ಟ್ ಗೋಡೆಚಿತ್ರದ ರುಚಿ ಅದರಲ್ಲಿಲ್ಲ. ಮತ್ತೆ, ಈ ಡೆಕ್ಕಿಗೆ ಹೆಸರು ಕೊಟ್ಟ ಈಜಿಪ್ಟಿನ ನೆಫೆರ್ಟಾರಿ ರಾಣಿಯ ಸಮಾಧಿಯನ್ನು 1904ರಲ್ಲಿ ಪತ್ತೆ ಮಾಡಿದ್ದು ಟುರಿನ್ ಮ್ಯೂಸಿಯಂನ ಸ್ಕಿಯಾಪರೆಲ್ಲಿ. ಲೋ ಸ್ಕಾರಾಬಿಯೋ ಕೂಡ ಅದೇ ಟುರಿನ್‌ದು. ಅಸಲಿ ಅಲ್ಲದಿದ್ದರೂ ಊರಿನ ನಂಟಂತೂ ಇದೆ. ಅಂದಹಾಗೆ, ನಿಮ್ಮ ರೈಡರ್-ವೇಟ್‌ನ ರಥದ ಕಾರ್ಡಿನಲ್ಲೂ ಈಜಿಪ್ಟಿನ ಎರಡು ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ತಲೆ) ಇವೆ, ನೋಡಿದ್ದೀರಾ?

ಚೌಬಾರಾ ಹುಡುಗಿ:
ಈಗ ತೆಗೆದು ನೋಡಿದೆ, ಕಪ್ಪೊಂದು ಬಿಳಿಯೊಂದು! ಇಷ್ಟು ದಿನ ಸಿಂಹ ಅಂದುಕೊಂಡಿದ್ದೆ. ನೆಫೆರ್ಟಾರಿನೇ ತರಿಸ್ತೀನಿ. ಅಣ್ಣಾರ, ಆ ಉಳುಮೆ ಕಾರ್ಡಿನ ಫೋಟೋ ಹಾಕ್ರಿ, ನಮ್ಮಪ್ಪಗೆ ತೋರಿಸಬೇಕು.