ಸಹಾಯ ಬೇಕು: ಹಾಟ್ ಡೆಸ್ಕ್ ಬಂದ ಮೇಲೆ ಟೀಮಿನಲ್ಲಿ ಮಾತೇ ನಿಂತಿದೆ

ನಮಸ್ಕಾರ. ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆಯ ಒಂದು ಆಫೀಸಿನಲ್ಲಿ ಹನ್ನೊಂದು ಜನರ ಟೆಸ್ಟಿಂಗ್ ಟೀಮ್ ನೋಡ್ಕೊಳ್ತೀನಿ. ಯುಗಾದಿ ಕಳೆದ ಮೇಲೆ ನಮ್ಮ ಮಹಡೀಲಿ ಸ್ವಂತ ಸೀಟು ತೆಗೆದು ಹಾಟ್ ಡೆಸ್ಕ್ ಮಾಡಿದ್ರು. ಹತ್ತು ಜನಕ್ಕೆ ಆರು ಮೇಜಿನ ಲೆಕ್ಕ, ದಿನಾ ಬೆಳಗ್ಗೆ ಆ್ಯಪ್‌ನಲ್ಲಿ ಬುಕ್ ಮಾಡ್ಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡವರಿಗೆ ಉಳಿಯೋದು ಪ್ರಿಂಟರ್ ಪಕ್ಕದ ಜಾಗ.

"ಎಲ್ಲರೂ ಬೆರೀತಾರೆ" ಅಂದಿದ್ರು. ಆಗಿದ್ದು ಉಲ್ಟಾ. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಒಂದು ಸಣ್ಣ ಡೌಟಿಗೆ ಚಾಟ್‌ನಲ್ಲಿ ಮೆಸೇಜ್ ಹಾಕಿ ನಲವತ್ತು ನಿಮಿಷ ಕಾದಿದ್ದಾಳೆ. ಉತ್ತರ ಗೊತ್ತಿದ್ದವನು ಅವಳ ಬೆನ್ನ ಹಿಂದೇನೇ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದ! ಅವನು ನಮ್ಮ ಟೀಮು ಅಂತಾನೇ ಅವಳಿಗೆ ಗೊತ್ತಿಲ್ಲ.

ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನ ಮೇಲಿನವರಿಗೆ ತೋರಿಸಿದೆ. ಗೋಡೆ, ಕ್ಯೂಬಿಕಲ್ ತೆಗೆದು ಓಪನ್ ಆಫೀಸಿಗೆ ಬದಲಾದ ಎರಡು ಕಂಪನಿಗಳಲ್ಲಿ ಮುಖಾಮುಖಿ ಮಾತು ಸುಮಾರು 70% ಇಳಿದು, ಈಮೇಲ್ ಹೆಚ್ಚಾಗಿತ್ತು. "ಅದು ಓಪನ್ ಆಫೀಸು, ನಮ್ಮದು ಬೇರೆ" ಅಂದ್ರು. ಅದೂ ಒಂದು ಲೆಕ್ಕಕ್ಕೆ ಸರಿಯೇ.

ಸ್ವಂತ ಸೀಟಂತೂ ವಾಪಸ್ ಬರಲ್ಲ, ಬಾಡಿಗೆ ಉಳಿಸೋ ವಿಚಾರ. ಕೇಳ್ತಿರೋದು ಇಷ್ಟೇ: ಹಳೇ ವಠಾರದ ಥರ, ಮೇಜು ಯಾರದಾದ್ರೂ ಸರಿ, ಸಾಲು ಮಾತ್ರ ಟೀಮಿಂದು ಅಂತ ಮಾಡಿಸಿಕೊಂಡವರು ಇದ್ದೀರಾ? ಅಡ್ಮಿನ್‌ನವರನ್ನ ಹೇಗೆ ಒಪ್ಪಿಸಿದ್ರಿ? ವಾರಕ್ಕೆ ಎಷ್ಟು ದಿನ ಒಟ್ಟಿಗೆ ಬರ್ತೀರಿ?

ದಯವಿಟ್ಟು "ಟೀಮ್ ಲಂಚ್ ಮಾಡಿ" ಅನ್ಬೇಡಿ. ಮಾಡಿ ಆಯ್ತು. ಬಿಸಿಬೇಳೆಬಾತ್ ತಿಂತಾ ಎಲ್ಲರೂ ಫೋನ್ ನೋಡ್ತಿದ್ರು.